ಮಾತಿನ ನಡುವೆ ತೆಗೆದ ಲೈನು

ಕೊಡಗು ಮೈಸೂರಿಗೆ ಸೇರಿದ ಹೊಸತರಲ್ಲಿ ನಮ್ಮ ಪೇಟೆಗೆ ಬಂದ ಟೆಲಿಫೋನ್ ಆಪರೇಟರು, ಕಿವಿಗೆ ಪೆನ್ಸಿಲು ಸಿಕ್ಕಿಸಿಕೊಂಡು, ಏನು ಕೇಳಿದರೂ "ಆರ್ಡರ್ ಬಂದಿದೆ" ಎನ್ನುತ್ತಿದ್ದರು. ನಮ್ಮ ಒಕ್ಕದ, ಅಂದರೆ ಒಂದೇ ಮನೆತನದ, ಅಷ್ಟೂ ಮನೆಗಳಿಗಿದ್ದ ಒಂದೇ ಫೋನು ದೊಡ್ಡಪ್ಪನ ಹೆಸರಿನಲ್ಲಿತ್ತು. ಅವರು ತೀರಿಕೊಂಡ ಮರುವಾರ, ಹೆರಿಗೆನೋವಿನಲ್ಲಿದ್ದ ಹೆಂಡತಿಗಾಗಿ ನಾನು ಮಡಿಕೇರಿಯ ಡಾಕ್ಟರೊಡನೆ ಮಾತನಾಡುತ್ತಿದ್ದಾಗ ಆಪರೇಟರು ನಡುವೆ ಬಂದರು.

"ಹೆಸರಿನವರು ಇಲ್ವಲ್ಲ, ಲೈನ್ ತೆಗೀತೇನೆ."

"ಮಾತಾಡ್ತಾ ಇರುವವ ನಾನಿದ್ದೇನಲ್ಲ ಮಾರಾಯ್ರೆ, ಸ್ವಲ್ಪ ತಾಳಿ."

ಅವರು ತಾಳಲಿಲ್ಲ. ಹಿರಿಯ ಸತ್ತರೆ ಒಕ್ಕ ಸಾಯುವುದಿಲ್ಲವೆಂದು ಕೊಡಗಿನಲ್ಲಿ ಯಾರಿಗಾದರೂ ಹೇಳಬೇಕೆ? ಮನೆಯ ದಾರಿ ತಿಳಿಯದೆ ಡಾಕ್ಟರು ಬರಲಿಲ್ಲ. ಹೆಂಡತಿ ಉಳಿದಳು, ಮಗು ಉಳಿಯಲಿಲ್ಲ. ಆಮೇಲೆ ಆಪರೇಟರೇ ಮನೆಗೆ ಬಂದು, ಚಪ್ಪಲಿಯನ್ನು ಒಪ್ಪವಾಗಿ ಹೊರಗಿಟ್ಟು, ಮೆತ್ತಗೆ ಹೇಳಿದರು: "ನಿಮ್ಮ ಹೆಸರಲ್ಲಿ ಅರ್ಜಿ ಕೊಡಿ, ಬೇಗ ಮಾಡಿಸ್ತೇನೆ."

ಆ ಅರ್ಜಿಯನ್ನು ನಾನು ಇಂದಿಗೂ ಕೊಟ್ಟಿಲ್ಲ.