ಕೆಂಪು ಡಬ್ಬಿಯ ಮುಚ್ಚಳ

ಎರಡು ಸಾವಿರದ ಇಸವಿಯ ಆಸುಪಾಸಿನ ಆ ವರ್ಷಗಳಲ್ಲಿ ಜೆ.ಪಿ. ನಗರದ ನಮ್ಮ ಮನೆಯ ಹಿಂದಿನ ಕೆರೆಯಲ್ಲಿ ನೀರೇ ಕಾಣಿಸುತ್ತಿರಲಿಲ್ಲ. ದಡದಿಂದ ದಡಕ್ಕೆ ಅಂತರಗಂಗೆಯ ಕಳೆ ಹಬ್ಬಿತ್ತು. ಅದು ತಾನಾಗಿ ಹಬ್ಬಿದ್ದಲ್ಲ. ಸುತ್ತಲಿನ ಹೊಸ ಅಪಾರ್ಟ್‌ಮೆಂಟುಗಳು ತಮ್ಮ ಕೊಳಚೆಯನ್ನು ಮಳೆನೀರಿನ ಚರಂಡಿಗೆ ಬಿಟ್ಟಿದ್ದವು. ಆ ಕೊಳಚೆಯನ್ನು ಉಂಡು ಕಳೆ ಕೊಬ್ಬಿತ್ತು. ತಪ್ಪು ಮಾಡಿದವರನ್ನು ಕೇಳುವ ಬದಲು ಕೆರೆಯನ್ನೇ ಮಣ್ಣು ತುಂಬಿ ಮುಚ್ಚುವ ಪ್ರಸ್ತಾವವೊಂದು ಸಿದ್ಧವಾಗಿತ್ತು. ಕಳೆಯನ್ನು ದೋಣಿಯಿಂದ ಎಳೆದು ತೆಗೆಯಬಹುದೆಂದು ಕಣ್ಣೆದುರು ತೋರಿಸಿದರೆ ಆ ಪ್ರಸ್ತಾವವನ್ನು ತಡೆಹಿಡಿಯುವುದಾಗಿ ಅಧಿಕಾರಿಯೊಬ್ಬರು, ಕೆರೆ ಉಳಿಸಲು ಓಡಾಡುತ್ತಿದ್ದ ನಮಗೆ ಮಾತು ಕೊಟ್ಟಿದ್ದರು. ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಅವರು ಬರುವವರಿದ್ದರು.

ದೋಣಿಯನ್ನು ಹೊಂದಿಸಿದವರು ಪಕ್ಕದ ಮನೆಯ ನಿವೃತ್ತ ಬ್ಯಾಂಕ್ ಉದ್ಯೋಗಿ; ನಾವೆಲ್ಲ ಅವರನ್ನು ಅಂಕಲ್ ಎನ್ನುತ್ತಿದ್ದೆವು. ಅವರ ಗೆಳೆಯರೊಬ್ಬರ ಹಳೆಯ ಫೈಬರ್ ದೋಣಿ, ಅದರ ಹಿಂದೆ ಕಟ್ಟಿದ ಸಣ್ಣ ಪೆಟ್ರೋಲ್ ಎಂಜಿನ್, ಕಾಲ ಬಳಿ ಇಡುವ ಕೆಂಪು ಪೆಟ್ರೋಲ್ ಡಬ್ಬಿ. ಡಬ್ಬಿಯಿಂದ ಎಂಜಿನ್‌ಗೆ ಒಂದು ಪೈಪು, ಪೈಪಿನ ನಡುವೆ ಡಾಕ್ಟರು ಬಿ.ಪಿ. ನೋಡುವಾಗ ಹಿಸುಕುವಂಥ ರಬ್ಬರ್ ಉಂಡೆ.

ಶನಿವಾರ ಪರೀಕ್ಷೆಗೆ ಇಳಿದಾಗ ಎಂಜಿನ್ ಹತ್ತು ನಿಮಿಷ ಸೊಗಸಾಗಿ ಓಡಿ, ಕೆಮ್ಮಿ, ನಿಂತಿತು. ಡಬ್ಬಿಯ ಮುಚ್ಚಳ ತೆಗೆದು ನೋಡಿದೆವು; ಪೆಟ್ರೋಲ್ ತುಂಬಿತ್ತು. ಮುಚ್ಚಿ ಎಂಜಿನ್ನಿನ ಹಗ್ಗ ಎಳೆದರೆ ಮತ್ತೆ ಶುರುವಾಯಿತು, ಮತ್ತೆ ಹತ್ತು ನಿಮಿಷಕ್ಕೆ ನಿಂತಿತು. ಹೀಗೆ ಐದು ಸಲ.

ನನಗೆ ಕಾರಣ ಆಗಲೇ ತಿಳಿದುಹೋಗಿತ್ತು: ಕಲಬೆರಕೆ. ಊರಿನಲ್ಲಿ ಪೆಟ್ರೋಲಿಗೆ ಸೀಮೆಎಣ್ಣೆ ಬೆರೆಸುವ ಅನ್ಯಾಯದ ಬಗ್ಗೆ ಕರಪತ್ರ ಬರೆದವಳು ನಾನು. ಯಾವುದನ್ನೂ ಪರೀಕ್ಷಿಸದೆ ನಂಬಬೇಡ ಎಂದು ಕಲಿಸಿದ ಶಾಲೆಯಲ್ಲಿ ಓದಿದವಳು. ಆದ್ದರಿಂದ ಫಿಲ್ಟರ್ ಪೇಪರ್ ತಂದು ಡಬ್ಬಿಯಿಂದ ಒಂದು ಹನಿ ಹಾಕಿದೆ. ಶುದ್ಧ ಪೆಟ್ರೋಲ್ ಕಲೆ ಉಳಿಸದೆ ಆರಬೇಕು. ಇಲ್ಲಿ ನಾಣ್ಯದಗಲ ಕಲೆ ಉಳಿಯಿತು. ಆ ಕಲೆಯನ್ನು ಸಾಕ್ಷಿಯಾಗಿ ಅಂಟಿಸಿ, ಪೆಟ್ರೋಲ್ ಬಂಕಿನವರನ್ನು ಖಂಡಿಸಿ ಒಂದು ಪುಟ ಬರೆದು, ಕೆರೆಯ ಗೇಟಿನ ಬಳಿಯ ಫಲಕಕ್ಕೆ ಹಚ್ಚಿದೆ. ಭಾನುವಾರ ಬೇರೊಂದು ಬಂಕಿನಿಂದ ತಂದು ತುಂಬಿದೆವು. ಎಂಜಿನ್ ಹತ್ತೇ ನಿಮಿಷಕ್ಕೆ ನಿಂತಿತು. ಇಬ್ಬರೂ ಕಳ್ಳರು ಎಂದು ನಾನು ತೀರ್ಮಾನಿಸಿದೆ.

ಸೋಮವಾರ ಎಂಟು ಗಂಟೆಗೆ ಅಂಕಲ್ ಪದ್ಮನಾಭನಗರದಿಂದ ತಮ್ಮ ಸ್ಕೂಟರ್ ಮೆಕ್ಯಾನಿಕ್‌ನನ್ನು ಕರೆತಂದರು.

"ದೋಣಿ ಎಂಜಿನ್ ನಾನು ಮುಟ್ಟೇ ಇಲ್ಲ ಸಾರ್," ಎಂದ ಆತ ಬಗ್ಗಿ ನೋಡಿದ. "ಪೆಟ್ರೋಲ್‌ಗೆ ಆಯಿಲ್ ಬೆರೆಸಿ ಹಾಕ್ತೀರಾ?"

"ಹೂಂ, ಎಂಜಿನ್ ಜೊತೆ ಬಂದ ಚೀಟೀಲಿ ಹಂಗೇ ಬರೆದಿತ್ತು," ಎಂದರು ಅಂಕಲ್.

"ಹಂಗಾದ್ರೆ ಟೂ ಸ್ಟ್ರೋಕು. ಇದೂ ಸ್ಕೂಟರೇ. ಚಕ್ರ ಇಲ್ಲ ಅಷ್ಟೆ."

"ಸ್ಕೂಟರ್ ಆದ್ರೆ ಒಂದ್ಸಲ ಬಗ್ಗಿಸಿ ಸ್ಟಾರ್ಟ್ ಮಾಡಪ್ಪ!"

"ಬಗ್ಗಿಸಿದ್ರೆ ನೀವು ಕೆರೇಲಿರ್ತೀರ ಸಾರ್."

ಅಂಕಲ್ ನಗುತ್ತಲೇ ಫ್ಲಾಸ್ಕಿನ ಕಾಫಿ ಸುರಿದರು: ನಮಗಿಬ್ಬರಿಗೆ ಸ್ಟೀಲ್ ಲೋಟ, ಆತನಿಗೆ ಪ್ಲಾಸ್ಟಿಕ್ ಕಪ್ಪು. ನಾನು ನನ್ನ ಲೋಟವನ್ನು ಆತನಿಗೆ ಕೊಟ್ಟು ಕಪ್ಪನ್ನು ತೆಗೆದುಕೊಂಡೆ. ಅಂಕಲ್ ಕೆರೆಯ ಕಡೆ ನೋಡತೊಡಗಿದರು.

ನನ್ನ ಕಲಬೆರಕೆಯ ವಾದವನ್ನು ಕಲೆಯ ಸಮೇತ ಮೆಕ್ಯಾನಿಕ್‌ಗೆ ವಿವರಿಸಿದೆ.

"ಮೇಡಂ, ಹನಿ ಹಾಕಿದ್ದು ಆಯಿಲ್ ಬೆರೆಸೋಕೆ ಮುಂಚೇನೋ, ಆಮೇಲೋ?"

"ಆಮೇಲೆ."

"ಆಯಿಲ್ ಹಾಕಿದ್ಮೇಲೆ ಕಲೆ ಆಗ್ದೆ ರಂಗೋಲಿ ಬೀಳುತ್ತಾ?"

ನನ್ನ ಖಂಡನಾಪತ್ರ ಎರಡು ದಿನದಿಂದ ಫಲಕದಲ್ಲಿತ್ತು. ವಾಕಿಂಗ್‌ಗೆ ಬರುವವರೆಲ್ಲ ಓದಿದ್ದರು.

"ಸ್ಟಾರ್ಟ್ ಮಾಡಿ. ನಿಂತ ತಕ್ಷಣ ಯಾರೂ ಏನೂ ಮುಟ್ಟಬೇಡಿ," ಎಂದ. ದೋಣಿಯನ್ನು ದಡಕ್ಕೇ ಕಟ್ಟಿ, ಎಂಜಿನ್ ಚಾಲೂ ಮಾಡಿ, ಮೂವರೂ ಗಡಿಯಾರ ನೋಡುತ್ತ ನಿಂತೆವು. ಹತ್ತನೆಯ ನಿಮಿಷಕ್ಕೆ ಕೆಮ್ಮು, ಆಮೇಲೆ ಮೌನ. ಅಭ್ಯಾಸಬಲದಿಂದ ನನ್ನ ಕೈ ಮುಚ್ಚಳದ ಕಡೆ ಹೋಯಿತು.

"ಮೇಡಂ! ಕೈ!"

ಆತ ಪ್ಲಗ್ ಬಿಚ್ಚಿದ. ಕಿಡಿ ಚೆನ್ನಾಗಿ ಹಾರಿತು. ಆದರೆ ಪ್ಲಗ್ಗಿನ ಮೂತಿ ಒಣಗಿತ್ತು. "ಕರೆಂಟಿದೆ, ಪೆಟ್ರೋಲ್ ಬರ್ತಿಲ್ಲ," ಎಂದ. ಕಾರ್ಬುರೇಟರಿಗೆ ಹೋಗುವ ಫಿಲ್ಟರ್ ನೋಡಿದ, ಚೊಕ್ಕಟವಾಗಿತ್ತು. ಪೈಪನ್ನು ಬೆರಳಿನಿಂದ ತಡವುತ್ತ ಹಿಂದಕ್ಕೆ ಬಂದು ರಬ್ಬರ್ ಉಂಡೆಯ ಬಳಿ ನಿಂತ. ಉಂಡೆ ಉಂಡೆಯಾಗಿರಲಿಲ್ಲ! ಒಳಗಿನಿಂದ ಯಾರೋ ಹೀರಿದಂತೆ ಚಪ್ಪಟೆಯಾಗಿ ಅಂಟಿಕೊಂಡಿತ್ತು. ಶನಿವಾರದಿಂದ ಅದು ನಮ್ಮ ಕಾಲ ಬಳಿಯೇ ಇತ್ತು. ಎಂಜಿನ್ ನಿಂತಾಗ ನಾವು ಅದರತ್ತ ಒಮ್ಮೆಯೂ ನೋಡಿರಲಿಲ್ಲ.

"ಈಗ ಮುಚ್ಚಳ ತೆಗೀರಿ ಮೇಡಂ. ಕಿವಿ ಹತ್ರ ಇಟ್ಕೊಂಡು."

ತಿರುಗಿಸಿದೆ. ಸುಯ್ ಎಂದು ಡಬ್ಬಿ ಗಾಳಿಯನ್ನು ಒಳಗೆಳೆದುಕೊಂಡಿತು. ಕಣ್ಣೆದುರೇ ರಬ್ಬರ್ ಉಂಡೆ ಉಬ್ಬಿ ದುಂಡಗಾಯಿತು. ನಾನು ಶಾಲೆಯ ಹುಡುಗಿಯಂತೆ ಕೂಗಿಬಿಟ್ಟೆ. ಡಬ್ಬಿಯೊಳಗೆ ಗಾಳಿ ಹೋಗದಿದ್ದರೆ ಪೆಟ್ರೋಲ್ ಹೊರಗೆ ಬರಲಾರದು. ನಾವು ಪ್ರತಿಸಲ ಮುಚ್ಚಳ ತೆಗೆದು ನೋಡಿದಾಗ ಅರಿವಿಲ್ಲದೆ ಗಾಳಿ ತುಂಬಿ ಇನ್ನೊಂದು ಹತ್ತು ನಿಮಿಷ ಕೊಡುತ್ತಿದ್ದೆವು. ರೋಗವನ್ನು ಐದು ಸಲ ವಾಸಿ ಮಾಡಿ ಐದು ಸಲವೂ ಬಂಕಿನವರನ್ನು ಬೈದಿದ್ದೆವು.

ಮುಚ್ಚಳದ ನೆತ್ತಿಯಲ್ಲಿ ಒಂದು ಪುಟ್ಟ ತಿರುಪು ಇತ್ತು. ಆತ ಅದನ್ನು ಉಗುರಿನಿಂದ ತಟ್ಟಿದ. "ಗಾಳಿ ಹೋಗೋದು ಇಲ್ಲಿಂದ. ಇಷ್ಟು ಬಿಗಿಯಾಗಿ ಯಾರು ಮುಚ್ಚಿದ್ದು?"

ಅಂಕಲ್ ನನ್ನನ್ನು ನೋಡಿದರು. ಮುಚ್ಚಿದವಳು ನಾನೇ. ಪೆಟ್ರೋಲಿನ ಆವಿ ಹೊರಬಿದ್ದು ಕೆರೆಯ ಹಕ್ಕಿಗಳಿಗೆ ತೊಂದರೆಯಾಗಬಾರದೆಂದು ಶನಿವಾರ ಬೆಳಿಗ್ಗೆ ಇಕ್ಕಳ ಹಾಕಿ ಬಿಗಿದಿದ್ದೆ.

"ನಾನೇ ಅಣ್ಣ. ಹಕ್ಕಿಗಳಿಗೋಸ್ಕರ," ಎಂದೆ.

"ಹಕ್ಕಿ ಉಸಿರಾಡ್ಲಿ ಅಂತ ಎಂಜಿನ್ ಉಸಿರು ಕಟ್ಟಿಸಿದ್ರಿ!"

ಹನ್ನೊಂದಕ್ಕೆ ಹತ್ತು ನಿಮಿಷ ಮೊದಲೇ ಅಧಿಕಾರಿ ಬಂದರು. ಅಂಕಲ್ ಚುಕ್ಕಾಣಿ ಹಿಡಿದರು. ಮೆಕ್ಯಾನಿಕ್ ತಿರುಪನ್ನು ಸಡಿಲಿಸಿ ಅವರ ಹಿಂದೆ ಕೂತ. ಕಳೆಯ ರಾಶಿಗೆ ಹಗ್ಗದ ಬಲೆ ಬಿಗಿದು ದೋಣಿ ಹೊರಟಿತು. ನಾನು ದಡದಲ್ಲಿ ನಿಂತು ನಿಮಿಷ ಎಣಿಸಿದೆ. ಒಂಬತ್ತು. ಹತ್ತು. ಎಂಜಿನ್ ಸದ್ದು ಅಲುಗಲಿಲ್ಲ. ಹನ್ನೊಂದು! ಹನ್ನೆರಡು! ಬಲೆಯ ಹಿಂದೆ ಕಪ್ಪು ನೀರು ತೆರೆದುಕೊಳ್ಳುತ್ತ ಬಂತು, ಅದರಲ್ಲಿ ಆಕಾಶದ ಒಂದು ಪಟ್ಟಿ. ಎಷ್ಟೋ ವರ್ಷಗಳಲ್ಲಿ ಮೊದಲ ಸಲ ನಾನು ಆ ಕೆರೆಯಲ್ಲಿ ನೀರನ್ನು ನೋಡುತ್ತಿದ್ದೆ.

ದೋಣಿ ದಡ ಸೇರಿದಾಗ ಅಧಿಕಾರಿ ಕೇಳಿದರು: "ಇದು ದಿನವೂ ಹಿಂಗೇ ಓಡುತ್ತಾ?"

"ಈ ಮೇಡಂ ಮುಚ್ಚಳ ಮುಟ್ಟದೆ ಇದ್ರೆ ಸಂಜೆವರೆಗೂ ಓಡುತ್ತೆ ಸಾರ್," ಎಂದ ಮೆಕ್ಯಾನಿಕ್.

ಅಧಿಕಾರಿ ನಕ್ಕರು. ಮಣ್ಣು ತುಂಬುವ ಪ್ರಸ್ತಾವ ಬೇಸಿಗೆ ಮುಗಿಯುವವರೆಗೆ ನಿಲ್ಲುತ್ತದೆ, ಅಷ್ಟರಲ್ಲಿ ಕೆರೆ ತೆರವಾಗಲಿ ಎಂದರು. ಕೊಳಚೆಯ ಚರಂಡಿಯ ವಿಷಯ ನಾನು ಎತ್ತಿದಾಗ ಕೈಗಡಿಯಾರ ನೋಡಿಕೊಂಡರು; ನಾನು ಅದನ್ನೂ ಬರೆದಿಟ್ಟುಕೊಂಡೆ.

ಅವರ ಜೀಪು ಹೋದ ಮೇಲೆ ಗೇಟಿಗೆ ನಡೆದು ಫಲಕದ ಹಾಳೆಯನ್ನು ಕಿತ್ತೆ. ಹೊಸ ಹಾಳೆಯಲ್ಲಿ, ಮೊದಲಿನಷ್ಟೇ ದಪ್ಪ ಅಕ್ಷರದಲ್ಲಿ, ಬಂಕಿನವರ ತಪ್ಪಿಲ್ಲವೆಂದೂ ತಪ್ಪು ಯಾರದೆಂದೂ ಬರೆದು ಹಚ್ಚಿದೆ. ಅದರ ನಕಲು ಹಿಡಿದು ಎರಡೂ ಬಂಕುಗಳಿಗೆ ಹೊರಟಾಗ, ಹಿಂದೆ ಕೆರೆಯ ಮೇಲೆ ಎಂಜಿನ್ ಇನ್ನೂ ಓಡುತ್ತಿತ್ತು.