ವಿಮಾನದ ಸೀಟಿಗೆ ಬೈರಾಸು ಹಾಕಿದ್ದು

ನಮ್ಮ ಮನೆಗೆ ಮೊಮ್ಮಗಳು ಬಂದಿದ್ದಾಳೆ. ಮೊನ್ನೆ ಭಾನುವಾರ ಬೆಳಿಗ್ಗೆ ಆಫ್ರಿಕಾದಿಂದ ಬಂದು ಶಂಕರಪುರದ ನಮ್ಮ ಮನೆಯ ಚಾವಡಿಯಲ್ಲಿ ಚಾಪೆಯ ಮೇಲೆ ಮಲಗಿ ಕಾಲು ಆಡಿಸಿದಳು. ಮೂರು ತಿಂಗಳ ಕೂಸು. ನೆರೆಕರೆಯವರಿಗೆ, ಹೂವಿನ ಕಟ್ಟೆಯವರಿಗೆ, ಬಸ್ಸಿನಲ್ಲಿ ಪಕ್ಕ ಕೂತವರಿಗೆ ಎಲ್ಲ ಹೇಳಿ ಆಯಿತು. ಆದರೂ ನನ್ನ ಸಂತೋಷ ಖಾಲಿಯಾಗಲಿಲ್ಲ. ಅದಕ್ಕೆ ಬರೆಯಲು ಕೂತೆ. ನಾನು ಐದನೇ ಕ್ಲಾಸಿನವರೆಗೆ ಮಾತ್ರ ಶಾಲೆಗೆ ಹೋದವಳು, ತಪ್ಪು ಕಂಡರೆ ನೀವೇ ತಿದ್ದಿಕೊಂಡು ಓದಿ.

ನಮ್ಮದು ಮಲ್ಲಿಗೆ ತೋಟ. ಬೆಳಿಗ್ಗೆ ಮೊಗ್ಗು ಕೊಯ್ಯುವುದು, ಕಟ್ಟುವುದು, ಹೂ ಮಾರುವ ಕಟ್ಟೆಗೆ ಕಳಿಸುವುದು, ಇಷ್ಟೇ ನನ್ನ ಪ್ರಪಂಚ. ಮಗಳು ಶ್ವೇತಾಳನ್ನು ಪಡುಬಿದ್ರಿಯ ಪ್ರವೀಣನಿಗೆ ಕೊಟ್ಟದ್ದು. ಅಳಿಯನಿಗೆ ಸಿಯೆರಾ ಲಿಯೋನ್ ಎಂಬ ದೇಶದ ಫ್ರೀಟೌನಿನಲ್ಲಿ ಒಂದು ದೊಡ್ಡ ಅಂಗಡಿಯಲ್ಲಿ ಕೆಲಸ. ಮದುವೆಯಾದ ಮೇಲೆ ಅವಳೂ ಅಲ್ಲಿಗೇ ಹೋದಳು.

ಮೊದಲ ಸಲ ಬಸುರಿಯಾದಾಗ ಐದನೇ ತಿಂಗಳಿಗೆ ಹೋಯಿತು. ಆಗ ನಾನು ಇಲ್ಲಿ ಕೂತು ಫೋನು ಹಿಡಿದುಕೊಂಡಿದ್ದೆ. ಆ ಕಡೆಯಿಂದ ಅವಳ ಉಸಿರು ಮಾತ್ರ ಕೇಳುತ್ತಿತ್ತು. ಮಗಳ ತಲೆ ಸವರಲಿಕ್ಕೂ ಆಗದ ಅಮ್ಮ ಎಂಥ ಅಮ್ಮ ಎಂದು ಆ ದಿನ ಅನಿಸಿದ್ದು ಮತ್ತೆ ಹೋಗಲೇ ಇಲ್ಲ. ಈ ಸಲ ಗರ್ಭ ನಿಂತಾಗ ಊರಿಗೆ ಬಾ ಎಂದೆವು. ಡಾಕ್ಟರು ವಿಮಾನ ಹತ್ತುವುದೇ ಬೇಡ ಎಂದರಂತೆ. ಹಾಗಾದರೆ ನಾನೇ ಹೋಗುತ್ತೇನೆ ಎಂದೆ. ಕಾರ್ಕಳದ ಬಸ್ಸಿಗೆ ಒಬ್ಬಳೇ ಹೋದವಳಲ್ಲ ಎಂದು ಮನೆಯವರು ನಕ್ಕರು. ನಕ್ಕರೂ ಪಾಸ್‌ಪೋರ್ಟು ಮಾಡಿಸಿ ತಂದವರು ಅವರೇ.

ಈ ಬೇಸಗೆಯಲ್ಲಿ ಹೊರಟೆ. ಬ್ಯಾಗಿನಲ್ಲಿ ಬಾಣಂತಿ ಮದ್ದು, ಕೂಸಿಗೆ ಹಾಕಲು ತೊಳೆದು ತೊಳೆದು ಮೆತ್ತಗಾದ ಹಳೆ ಪಂಚೆಯ ತುಂಡುಗಳು, ಒಂದು ಡಬ್ಬ ಚಕ್ಕುಲಿ. ಮುಂಬೈಯಿಂದ ದೊಡ್ಡ ವಿಮಾನ. ಅಕ್ರಾ ಎಂಬಲ್ಲಿ ಇಳಿದಾಗ ಪೆರ್ಡೂರಿನ ಕಡೆಯ ಒಬ್ಬರು, ಅಳಿಯನ ಪರಿಚಯದವರು, ಕಾದಿದ್ದರು. ರಾತ್ರಿ ಅವರ ಮನೆಯಲ್ಲಿ ಉಳಿದು ಬೆಳಿಗ್ಗೆ ಸಣ್ಣ ವಿಮಾನ. ಆ ಕಂಪೆನಿಯದ್ದು ನಮ್ಮ ಸರ್ವಿಸ್ ಬಸ್ಸಿನ ಹಾಗೆ. ಒಂದೊಂದು ದೇಶದಲ್ಲಿ ನಿಲ್ಲಿಸಿ ಜನ ಇಳಿಸಿ ಹತ್ತಿಸಿಕೊಂಡು ಹೋಗುತ್ತದೆ.

“ಅಕ್ಕ, ಮೂರನೇ ಸ್ಟಾಪಿನಲ್ಲಿ ಇಳಿಯುವುದು. ಅಲ್ಲಿ ಪ್ರವೀಣ ನಿಂತಿರ್ತಾನೆ. ಹೆದರಲಿಕ್ಕೆ ಎಂತದೂ ಇಲ್ಲ,” ಎಂದು ಅವರು ಹೇಳಿ ಕಳಿಸಿದರು.

ಮೂರನೆಯದರಲ್ಲಿ ಇಳಿಯಬೇಕು ಎಂದರು. ಅದಕ್ಕೆ ಮೊದಲು ಇಳಿಯಬಾರದು ಎಂದು ಹೇಳಬೇಕೆಂದು ಅವರಿಗೆ ತೋಚಲಿಲ್ಲ. ಯಾರಿಗೆ ತೋಚುತ್ತದೆ?

ರೆಕ್ಕೆಯಲ್ಲಿ ಫ್ಯಾನು ತಿರುಗುವ ವಿಮಾನ. ಸೀಟಿಗೆ ನಂಬರು ಇಲ್ಲ, ಸಿಕ್ಕಿದಲ್ಲಿ ಕೂರುವುದು. ನನ್ನ ಪಕ್ಕ ಒಬ್ಬಳು ಹೆಂಗಸು ಕೂತಳು. ನನಗಿಂತ ಹತ್ತು ವರ್ಷ ಸಣ್ಣವಳಿರಬಹುದು, ದೊಡ್ಡ ಮೈ, ತಲೆಗೆ ಬಣ್ಣದ ಬಟ್ಟೆ ಕಟ್ಟಿದ್ದಳು. ಅಮಿನಾತಾ ಎಂದು ಎದೆ ಮುಟ್ಟಿ ಹೆಸರು ಹೇಳಿದಳು. ಬಟ್ಟೆ ವ್ಯಾಪಾರದವಳು ಎಂದು ಕಾಲಡಿಯ ಗಂಟು ನೋಡಿ ಗೊತ್ತಾಯಿತು. ನಾನು ಚಕ್ಕುಲಿ ಕೊಟ್ಟೆ. ಹೊಟ್ಟೆಯ ಮುಂದೆ ಕೈ ಉಬ್ಬಿಸಿ ತೋರಿಸಿ ಮಗಳ ಫೋಟೋ ತೆಗೆದೆ. ಅವಳು ಫೋಟೋವನ್ನು ಹಣೆಗೆ ಒತ್ತಿ ಕೊಟ್ಟಳು. ಭಾಷೆ ಒಂದಕ್ಷರ ಬಾರದಿದ್ದರೂ ಇಬ್ಬರಿಗೂ ಮಾತು ಸಾಕಷ್ಟಾಯಿತು.

ಮೊದಲ ಸ್ಟಾಪಿನಲ್ಲಿ ನಾನು ಅಲ್ಲಾಡಲಿಲ್ಲ. ಇಬ್ಬರು ಗಂಡಸರು ಮೆಟ್ಟಿಲ ತನಕ ಹೋಗಿ ಗಾಳಿ ತೆಗೆದುಕೊಂಡು ಬಂದದ್ದು ನೋಡಿದೆ. ಓಹೋ, ಇಳಿದು ಹತ್ತಬಹುದು ಎಂದು ಮನಸ್ಸಿನಲ್ಲಿ ಇಟ್ಟುಕೊಂಡೆ. ಎರಡನೆಯದು ಮನ್ರೋವಿಯಾ. ಅಷ್ಟರಲ್ಲಿ ನನಗೆ ಒಂದಕ್ಕೆ ಹೋಗಬೇಕಾಗಿ ತಡೆಯಲಾಗದೆ ಬಂದಿತ್ತು. ಇಷ್ಟು ಸಣ್ಣ ವಿಮಾನದಲ್ಲಿ ಅದರ ವ್ಯವಸ್ಥೆ ಎಲ್ಲಿಂದ ಇರಬೇಕು ಎಂದುಕೊಂಡೆ. ಅಮಿನಾತಾ ಗೋಡೆಗೆ ಒರಗಿ ನಿದ್ದೆ ಹೋಗಿದ್ದಳು.

ನಮ್ಮ ಕಡೆ ಬಸ್ಸು ನಿಂತಾಗ ಇಳಿಯಬೇಕಾದರೆ ಸೀಟಿಗೆ ಒಂದು ಬೈರಾಸು ಹಾಕಿ ಹೋಗುತ್ತೇವೆ. ಬೈರಾಸು ಅಂದರೆ ಟವೆಲು. ಅದು ಬಿದ್ದ ಸೀಟನ್ನು ಯಾರೂ ಮುಟ್ಟುವುದಿಲ್ಲ. ನಾನೂ ಹಾಗೆಯೇ ನನ್ನ ಕೆಂಪು ಚೌಕದ ಬೈರಾಸನ್ನು ಸೀಟಿಗೆ ಹಾಸಿ, ಬ್ಯಾಗನ್ನು ಅದರ ಮೇಲಿಟ್ಟು, ಇಳಿಯುವವರ ಹಿಂದೆ ಇಳಿದೆ. ಪಾಸ್‌ಪೋರ್ಟು ಬ್ಯಾಗಿನೊಳಗೆ.

ಬಸ್‌ಸ್ಟ್ಯಾಂಡಿನಲ್ಲಿ ಮೂಲೆಗೆ ಹೋಗಿ ಬರುವ ಹಾಗೆ ಇದು ಅಲ್ಲ ಎಂದು ಕಟ್ಟಡದ ಒಳಗೆ ಹೋದ ಮೇಲೆ ತಿಳಿಯಿತು. ಹಿಂದಿನ ಬಾಗಿಲು ಮುಚ್ಚಿಕೊಂಡಿತು. ಮುಂದೆ ಸಾಲು. ಸಾಲಿನ ಕೊನೆಯಲ್ಲಿ ಯೂನಿಫಾರಂ ಹಾಕಿದವರೊಬ್ಬರು ಕೈ ಚಾಚಿ ಪಾಸ್‌ಪೋರ್ಟು ಎಂದರು. ನಾನು ಹಿಂದಕ್ಕೆ ಕೈ ತೋರಿಸಿ ಬ್ಯಾಗ್, ಬ್ಯಾಗ್ ಎಂದೆ. ಅವರು ಸಾಮಾನು ಬರುವ ಕಡೆಗೆ ತೋರಿಸಿದರು. ಅಲ್ಲ ಎಂದೆ. ಅವರು ಬೆಂಚು ತೋರಿಸಿದರು.

ಗಾಜಿನಿಂದ ನನ್ನ ವಿಮಾನ ಕಾಣುತ್ತಿತ್ತು. ಹೊಸ ಜನ ಹತ್ತಿ ಆಗಿತ್ತು. ಕೆಳಗಿದ್ದವರು ಸಾಮಾನಿನ ಬಾಗಿಲು ಹಾಕಿದರು. ಇದು ಹೋದರೆ ಮುಂದಿನದು ಮೂರು ದಿನ ಬಿಟ್ಟು ಎಂದು ಅಕ್ರಾದಲ್ಲಿ ಹೇಳಿದ್ದು ನೆನಪಾಯಿತು. ಮಗಳಿಗೆ ದಿನ ತುಂಬಿತ್ತು. ಈ ಸಲವೂ ಅವಳು ಒಬ್ಬಳೇ ಎಂದು ಅನಿಸಿದ ಕೂಡಲೇ ಬೆಂಚಿನಿಂದ ಎದ್ದು ಗಾಜಿನ ಹತ್ತಿರ ಓಡಿದೆ. ಇಂಗ್ಲಿಷಿನಲ್ಲಿ ಏನು ಹೇಳಬೇಕು? ಬಾಯಿಗೆ ಬಂದದ್ದು ನಮ್ಮ ಕಂಡಕ್ಟರು ಬಸ್ಸು ನಿಲ್ಲಿಸಲು ಕೂಗುವ ಒಂದೇ ಮಾತು.

“ಹೋಲ್ಡಾನ್! ಹೋಲ್ಡಾನ್!”

ಗಾಜಿಗೆ ಹೊಡೆದು ಹೊಡೆದು ಕೂಗಿದೆ. ಇಡೀ ಸಾಲು ತಿರುಗಿ ನೋಡಿತು. ಆ ಯೂನಿಫಾರಮಿನವರು ಎದ್ದು ಬಂದರು. ಬೈಯುತ್ತಾರೆ ಎಂದುಕೊಂಡೆ. ಅವರು ನನ್ನನ್ನು ನೋಡಿದರು, ವಿಮಾನ ನೋಡಿದರು, ಕೈಯಲ್ಲಿದ್ದ ವೈರ್‌ಲೆಸ್‌ನಲ್ಲಿ ಏನೋ ಮಾತಾಡಿದರು. ಅಷ್ಟರಲ್ಲಿ ಆ ಕಡೆಯಿಂದ ವಿಮಾನದ ಹುಡುಗಿಯೊಬ್ಬಳು ಚಪ್ಪಲಿ ಕೈಯಲ್ಲಿ ಹಿಡಿದು ಬಿಸಿಲಿನಲ್ಲಿ ಓಡಿಕೊಂಡು ಬರುವುದು ಕಂಡಿತು. ನನ್ನನ್ನೇ ಹುಡುಕಿಕೊಂಡು.

ಅವಳ ಕೈ ಹಿಡಿದು ಹೊರಗೆ ಬಂದಾಗ ನೋಡುತ್ತೇನೆ, ಮೆಟ್ಟಿಲ ತುದಿಯಲ್ಲಿ ಬಾಗಿಲಿಗೆ ಅಡ್ಡವಾಗಿ ಅಮಿನಾತಾ ನಿಂತಿದ್ದಾಳೆ. ಎರಡು ಕೈ ಎರಡು ಕಡೆ ಒತ್ತಿ ಹಿಡಿದಿದ್ದಾಳೆ. ಅವಳನ್ನು ದಾಟಿ ಯಾರೂ ಆ ಬಾಗಿಲು ಹಾಕುವ ಹಾಗಿರಲಿಲ್ಲ.

ನಡೆದದ್ದನ್ನು ಆಮೇಲೆ ಫ್ರೀಟೌನಿನಲ್ಲಿ ಅವಳೇ ಅಳಿಯನಿಗೆ ಹೇಳಿದಳು, ಅಳಿಯ ನನಗೆ ಹೇಳಿದ. ಹೊಸದಾಗಿ ಹತ್ತಿದ ಒಬ್ಬ ದಪ್ಪ ಮನುಷ್ಯ ನನ್ನ ಸೀಟಿಗೆ ಬಂದಾಗ ಅವಳಿಗೆ ಎಚ್ಚರವಾಯಿತಂತೆ. ಆಕೆ ಇಲ್ಲಿಗೇ ಬಂದವಳು, ಇಳಿದು ಹೋದಳು ಎಂದು ವಿಮಾನದ ಹುಡುಗಿ ಹೇಳಿದಳಂತೆ. ಅಮಿನಾತಾ ಬೈರಾಸು ತೋರಿಸಿ ಹೇಳಿದ್ದು ಇಷ್ಟು:

“ಜಾಗಕ್ಕೆ ಬಟ್ಟೆ ಹಾಕಿ ಹೋದ ಹೆಂಗಸು ವಾಪಸ್ ಬರುವವಳು. ನಮ್ಮ ಸಂತೆಯಲ್ಲಿ ನಾವೂ ಹೀಗೇ ಮಾಡುವುದು. ಅವಳ ಮಗಳು ಹೆರಲಿಕ್ಕಿದ್ದಾಳೆ. ಅವಳು ಬಾರದೆ ನಾನು ಕೂರುವುದಿಲ್ಲ.”

ಒಬ್ಬರು ನಿಂತಿದ್ದರೆ ವಿಮಾನ ಹೊರಡುವ ಹಾಗಿಲ್ಲ. ಪೈಲಟೇ ಬಂದು ಹೇಳಿದರೂ ಅವಳು ಕೂರಲಿಲ್ಲವಂತೆ. ಕೊನೆಗೆ ಆ ಪೈಲಟೇ ಹುಡುಗಿಯನ್ನು ಓಡಿಸಿದ್ದು.

ನಾನು ಮೆಟ್ಟಿಲು ಹತ್ತಿ ಬಂದ ಕೂಡಲೇ ಅವಳು ನನ್ನ ತೋಳು ಹಿಡಿದು ಬೈಯಲು ಶುರು ಮಾಡಿದಳು. ಒಂದು ಮಾತೂ ಅರ್ಥವಾಗಲಿಲ್ಲ, ಆದರೆ ನನ್ನ ದೊಡ್ಡಕ್ಕ ಬೈಯುವುದೂ ಅದೇ ರಾಗದಲ್ಲಿ. ಹಿಂದಿನ ಸೀಟಿನ ಒಬ್ಬ ಅಜ್ಜ ಏನೋ ಹೇಳಿದ, ಎಲ್ಲರೂ ನಕ್ಕರು. ಆ ದಪ್ಪ ಮನುಷ್ಯನೂ ನಕ್ಕ. ಅವಳು ಬೈರಾಸು ಕೊಡವಿ ನನ್ನನ್ನು ಕೂರಿಸಿ, ಮಕ್ಕಳಿಗೆ ಹಾಕುವ ಹಾಗೆ ಬೆಲ್ಟು ಹಾಕಿದಳು. ಇಷ್ಟೆಲ್ಲ ಆದರೂ ನಾನು ಹೋದ ಕೆಲಸ ಆಗಿರಲಿಲ್ಲ. ಸನ್ನೆ ಮಾಡಿ ಹೇಳಿದೆ. ಅವಳು ಹಣೆ ಚಚ್ಚಿಕೊಂಡು ನಕ್ಕಳು. ವಿಮಾನ ಮೇಲೆ ಏರಿದ ಮೇಲೆ ಬೆಲ್ಟು ಬಿಚ್ಚಿ ಹಿಂದಕ್ಕೆ ಕರೆದುಕೊಂಡು ಹೋದಳು. ಅಲ್ಲೇ ಇತ್ತು, ನಮ್ಮ ಸೀಟಿನಿಂದ ನಾಲ್ಕು ಸಾಲು ಹಿಂದೆ.

ಫ್ರೀಟೌನಿನಲ್ಲಿ ಅವಳು ನನ್ನ ಕೈಯನ್ನು ಅಳಿಯನ ಕೈಯಲ್ಲಿ ಇಟ್ಟ ಮೇಲೆಯೇ ತನ್ನ ಗಂಟು ಹುಡುಕಲು ಹೋದದ್ದು. ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ. ಬೈರಾಸು ಕೊಟ್ಟೆ. ಅದನ್ನು ಹೆಗಲಿಗೆ ಹಾಕಿಕೊಂಡು, ನನ್ನ ಕೆನ್ನೆ ತಟ್ಟಿ, ಜನರ ನಡುವೆ ಹೋಗಿಬಿಟ್ಟಳು. ಅವಳ ಫೋನ್ ನಂಬರು ಕೇಳಬೇಕೆಂದು ನನಗೂ ಅಳಿಯನಿಗೂ ಹೊಳೆಯಲಿಲ್ಲ.

ವಿಮಾನ ಇಳಿದ ಮೇಲೆ ಊರಿಗೆ ದೋಣಿಯಲ್ಲಿ ಕಡಲು ದಾಟಿ ಹೋಗಬೇಕು. ಮನೆ ಮುಟ್ಟುವಾಗ ಸಂಜೆ. ಶ್ವೇತಾ ಬಾಗಿಲಿಗೆ ಒರಗಿ ನಿಂತಿದ್ದಳು. “ಅಮ್ಮ, ಬಂದ್ಯಾ?” ಎಂದಳು, ಅಷ್ಟೇ. ಮರುದಿನ ಬೆಳಿಗ್ಗೆ ನೋವು ಶುರುವಾಯಿತು. ಆಸ್ಪತ್ರೆಯ ನರ್ಸಮ್ಮ ನನ್ನನ್ನೂ ಒಳಗೆ ಬಿಟ್ಟರು. ಮಗಳು ನನ್ನ ಕೈ ಹಿಡಿದ ಹಿಡಿತಕ್ಕೆ ಬಳೆ ಎರಡು ಒಡೆಯಿತು. ಮಧ್ಯಾಹ್ನಕ್ಕೆ ಕೂಸು ಅತ್ತಿತು. ನಾನು ಮಗಳ ತಲೆ ಸವರುತ್ತಲೇ ಇದ್ದೆ. ನೋವು ಮುಗಿದು ಎಷ್ಟೋ ಹೊತ್ತಾದರೂ ಕೈ ತೆಗೆಯಲು ಮನಸ್ಸು ಬರಲಿಲ್ಲ.

ಬಾಣಂತನ ಮುಗಿಸಿ, ಕೂಸು ಗಟ್ಟಿಯಾದ ಮೇಲೆ ಎಲ್ಲರೂ ಒಟ್ಟಿಗೆ ಊರಿಗೆ ಬಂದೆವು. ಭಾನುವಾರ ಸಂಜೆ ಮನೆ ತುಂಬ ಜನ. ಕಾರ್ಕಳದಿಂದ ಮಗ ಸೊಸೆ, ಪಡುಬಿದ್ರಿಯಿಂದ ಬೀಗರು. ಕೋಳಿ ಸಾರು ಹಾಕಿ ತಿನ್ನುವ ಕೋರಿ ರೊಟ್ಟಿ ಮಾಡಿದ್ದೆವು. ಕೂಸಿನ ಮೂಗು ಯಾರ ಹಾಗೆ ಎಂದು ಬೀಗಿತ್ತಿಗೂ ನಮ್ಮ ಮನೆಯವರಿಗೂ ಚರ್ಚೆ ನಡೆದೇ ಇತ್ತು.

“ಮೂಗು ಪಡುಬಿದ್ರಿಯದ್ದೇ ಇರಲಿ ಮಾರಾಯ್ರೆ, ಸ್ವರ ಮಾತ್ರ ನನ್ನ ಹೆಂಡತಿಯದ್ದು. ಆಫ್ರಿಕಾದಲ್ಲಿ ವಿಮಾನ ನಿಲ್ಲಿಸಿದ ಸ್ವರ ಅದು,” ಎಂದರು ಇವರು. ಬೀಗಿತ್ತಿ ನಕ್ಕು ನಕ್ಕು ನೀರು ಕುಡಿದರು.

ಇಲ್ಲಿ ರಾತ್ರಿಯ ಊಟವಾಗುವಾಗ ಅಲ್ಲಿ ಮಧ್ಯಾಹ್ನ. ಅಮಿನಾತಾ ಎಲ್ಲಿ ಕೂತು ಉಣ್ಣುತ್ತಿದ್ದಾಳೋ, ಅವಳ ಹೊಟ್ಟೆ ತಣ್ಣಗಿರಲಿ, ಅವಳ ಮಕ್ಕಳು ಮರಿ ಚೆನ್ನಾಗಿರಲಿ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ಈಗ ದಿನಾ ದೀಪ ಹಚ್ಚುವಾಗ ಅವಳ ಹೆಸರನ್ನೂ ಹೇಳುತ್ತೇನೆ. ದೇವರಿಗೆ ಅವಳ ಮನೆ ಗೊತ್ತಿರುತ್ತದೆ.

ಶ್ವೇತಾ ಎರಡನೇ ಸಲ ರೊಟ್ಟಿ ಹಾಕಿಸಿಕೊಂಡಳು. ಕೂಸನ್ನು ಕೊಡಿ, ನೀವು ಉಣ್ಣಿ ಎಂದು ಸೊಸೆ ಕೈ ಚಾಚಿದಳು. ನಾನು ಕೊಡಲಿಲ್ಲ. ಕೂಸನ್ನು ಎಡಗೈಯಲ್ಲಿ ಎದೆಗೆ ಒತ್ತಿಕೊಂಡು, ಎಲ್ಲರ ನಡುವೆ ಕೂತು, ಬಲಗೈಯಲ್ಲಿ ಹೊಟ್ಟೆ ತುಂಬ ಉಂಡೆ.