ಒಡೆಸ್ಸಾ ಕಟ್ಟಿದ ಎಂಜಿನ್

ಡೆಟ್ರಾಯಿಟ್‌ನ ನಮ್ಮ ಬೀದಿಯಲ್ಲಿ ಒಡೆಸ್ಸಾ ಪ್ರೂಯಿಟ್‌ಗೆ ಎದುರು ಮಾತಾಡಿ ಗೆದ್ದವರಿಲ್ಲ. ನಾನಂತೂ ಆ ಪ್ರಯತ್ನವನ್ನೇ ಬಿಟ್ಟಿದ್ದೇನೆ. ಎಂಜಿನ್ ಕಾರ್ಖಾನೆಯಲ್ಲಿ ಜೀವಮಾನವೆಲ್ಲ ಅವಳು ಪಿಸ್ಟನ್ ಕೂರಿಸಿದಳು. ಅವಳ ಪಕ್ಕದಲ್ಲಿ ನಿಂತು ನಾನು ಆಯಿಲ್ ಚೇಂಬರ್ ಬಿಗಿದೆ. ಸಾಲಿನ ಕೊನೆಯಲ್ಲಿ ಮೇವಿಸ್ ಟಾಲ್ಬರ್ಟ್ ಡಿಸ್ಟ್ರಿಬ್ಯೂಟರ್ ಇಳಿಸುತ್ತಿದ್ದಳು. ಯಾವ ಪ್ಲಗ್ಗಿಗೆ ಯಾವಾಗ ಕಿಡಿ ಹೋಗಬೇಕೆಂದು ಹಂಚುವುದು ಅದೇ. ನಮಗೆಲ್ಲ ಒಬ್ಬೊಬ್ಬರಿಗೆ ಒಂದೊಂದೇ ಕೆಲಸ. ಲಕ್ಷಗಟ್ಟಲೆ ಎಂಜಿನ್ ನಮ್ಮ ಕೈ ದಾಟಿ ಹೋದವು, ಆದರೆ ಒಂದು ಇಡೀ ಎಂಜಿನ್ ಕಟ್ಟಿದವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ.

ನಿವೃತ್ತಿಯಾದ ಮೇಲೆ ಒಡೆಸ್ಸಾ ಅದಕ್ಕೇ ಹಟ ಹಿಡಿದಳು. ೧೯೭೦ರ ಹಳದಿ ಪಾಂಟಿಯಾಕ್ ಕಾರೊಂದನ್ನು, ತುಕ್ಕು ತಿಂದು ಬಾಗಿಲು ಜೋತುಬಿದ್ದಿದ್ದನ್ನು, ಎಳೆಸಿಕೊಂಡು ಬಂದು ಗ್ಯಾರೇಜಿಗೆ ನೂಕಿಸಿದಳು. ಆಗಸ್ಟ್‌ನಲ್ಲಿ ವುಡ್‌ವರ್ಡ್ ರಸ್ತೆಯಲ್ಲಿ ಹಳೆಯ ಕಾರುಗಳ ಮೆರವಣಿಗೆ ನಡೆಯುತ್ತದಲ್ಲ, ಅದರಲ್ಲಿ ಈ ಕಾರನ್ನು ತಾನೇ ಓಡಿಸುತ್ತೇನೆಂದು ಚರ್ಚಿನಲ್ಲಿ ಎದ್ದು ನಿಂತು ಸಾರಿಬಿಟ್ಟಳು. ಜನ ಚಪ್ಪಾಳೆ ತಟ್ಟಿದರು. ಆಮೇಲೆ ಹಿಂದೆ ಸರಿಯುವಂತಿರಲಿಲ್ಲ.

ಹಳೆಯ ಸಾಲಿನವರು ಒಬ್ಬೊಬ್ಬರಾಗಿ ಬಂದು ತಂತಮ್ಮ ಕೆಲಸ ಮಾಡಿಕೊಟ್ಟು, ಒಡೆಸ್ಸಾ ಕೆಂಡದ ಮೇಲೆ ಸುಟ್ಟ ಹಂದಿಯ ಪಕ್ಕೆಲುಬು ತಿಂದು ಹೋದೆವು. ಪಿಸ್ಟನ್‌ಗಳನ್ನು ಅವಳೇ ಕೂರಿಸಿದಳು, ಯಾರನ್ನೂ ಹತ್ತಿರ ಬಿಡಲಿಲ್ಲ. ಮೆರವಣಿಗೆಯ ಹಿಂದಿನ ದಿನ ಉಳಿದದ್ದು ಡಿಸ್ಟ್ರಿಬ್ಯೂಟರ್ ಒಂದೇ.

"ಮೇವಿಸ್‌ನ ಕರೀಲಾ?" ಎಂದೆ.

"ಹೊರೇಸ್, ಅವಳ ಹೆಸರೆತ್ತಿದ್ರೆ ಈ ಪಾನಾ ನಿನ್ನ ತಲೆ ಮೇಲೆ ಬೀಳುತ್ತೆ."

ಕಾರಣ ಕೇಳಿದರೆ ನಗುತ್ತೀರಿ. ಒಮ್ಮೆ ಯೂನಿಯನ್ ಊಟದಲ್ಲಿ ಒಡೆಸ್ಸಾ ಮಾಡಿದ್ದ ಗೆಣಸಿನ ಪೈ ಕಚ್ಚಿ, ಇದರ ಅಂಚನ್ನು ಕತ್ತರಿಸಿ ಎಣ್ಣೆ ಸೋರದಂತೆ ಎಂಜಿನ್ನಿಗೆ ಗ್ಯಾಸ್ಕೆಟ್ ಹಾಕಬಹುದು ಅಂದುಬಿಟ್ಟಿದ್ದಳು ಮೇವಿಸ್. ಎಲ್ಲರೂ ಹೊಟ್ಟೆ ಹಿಡಿದು ನಕ್ಕೆವು. ಅಂದಿನಿಂದ ಇಬ್ಬರೂ ಮೂರು ಮನೆ ದೂರದಲ್ಲಿದ್ದುಕೊಂಡೇ ಮಾತು ಬಿಟ್ಟು ವರ್ಷಗಳಾಗಿದ್ದವು.

"ಪಿಸ್ಟನ್ ಮೇಲೆ ಬಂದಾಗ ಇದನ್ನ ಇಳಿಸೋದು. ಅಷ್ಟೇ ತಾನೇ? ಪಿಸ್ಟನ್ ವಿಷಯ ನಂಗೆ ಹೇಳ್ಕೊಡ್ತೀಯಾ?" ಎಂದು ಒಡೆಸ್ಸಾ ತಾನೇ ಇಳಿಸಿದಳು.

ಬೀದಿಯವರೆಲ್ಲ ಮಡಚುವ ಕುರ್ಚಿ ತಂದು ಗ್ಯಾರೇಜಿನ ಮುಂದೆ ಕೂತರು. ಒಡೆಸ್ಸಾ ಕೀಲಿ ತಿರುಗಿಸಿದಳು. ಢಂ! ಕಾರ್ಬೊರೇಟರಿನ ಬಾಯಿಂದ ಬೆಂಕಿ ಎದ್ದು, ಬಗ್ಗಿ ನೋಡುತ್ತಿದ್ದ ನನ್ನ ಹುಬ್ಬು ಸುಟ್ಟಿತು. ನಾನು ಬೈದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಮತ್ತೆ ತಿರುಗಿಸಿದಳು, ಮತ್ತೆ ಢಂ. ಒಡೆಸ್ಸಾಳ ಮುಖ ಸಣ್ಣಗಾಯಿತು. ಹಾಗೆ ನಾನು ಅವಳನ್ನು ನೋಡಿಯೇ ಇರಲಿಲ್ಲ.

ಕತ್ತೆತ್ತಿದರೆ ರಸ್ತೆಯಂಚಿನಲ್ಲಿ ಏಪ್ರನ್ ಕಟ್ಟಿದ ಮೇವಿಸ್.

"ಹೊರೇಸ್, ಅವಳಿಗೆ ಹೇಳು, ಸದ್ದು ಕೇಳಿದ್ರೇ ಗೊತ್ತಾಗುತ್ತೆ, ಅರ್ಧ ಸುತ್ತು ತಪ್ಪಿದೆ ಅಂತ," ಎಂದಳು.

ಒಡೆಸ್ಸಾ ಕಾರಿನ ಕಡೆಯೇ ನೋಡುತ್ತ ಅಂದಳು: "ಹೊರೇಸ್, ಅವಳಿಗೆ ಹೇಳು, ಗ್ಯಾರೇಜಿನ ಬಾಗಿಲು ತೆಗೆದೇ ಇದೆ ಅಂತ."

ಇಬ್ಬರ ನಡುವೆ ನಾನೊಬ್ಬ ಟೆಲಿಫೋನ್ ತಂತಿ. ಮೇವಿಸ್ ಬಂದು ಮೊದಲನೇ ಪ್ಲಗ್ ಬಿಚ್ಚಿ, ಆ ತೂತಿಗೆ ಬೆರಳಿಟ್ಟಳು. "ಪಾನಾ ಹಾಕಿ ಎಂಜಿನ್ ತಿರುಗಿಸೋಕೆ ಹೇಳು." ಒಡೆಸ್ಸಾ ತಿರುಗಿಸಿದಳು. ಪಿಸ್ಟನ್ ಮೇಲೆ ಬಂತು, ಬೆರಳಿಗೆ ಏನೂ ಆಗಲಿಲ್ಲ. "ಒಂದು ಕಿಡಿಗೆ ಪಿಸ್ಟನ್ ಎರಡು ಸಲ ಮೇಲೆ ಬರುತ್ತೆ. ಇದು ಹೊಗೆ ಹೊರಗೆ ಹಾಕೋಕೆ ಬಂದಿದ್ದು. ಅವಳು ಇದನ್ನೇ ನಂಬಿದ್ದಾಳೆ. ಇನ್ನೂ ತಿರುಗಿಸ್ಲಿ." ಈ ಸಲ ಒಳಗಿನ ಗಾಳಿ ಪುಸ್ಸೆಂದು ನುಗ್ಗಿ ಬೆರಳನ್ನು ಹಾರಿಸಿತು. "ಕಿಡಿ ಬೀಳ್ಬೇಕಾದ್ದು ಈಗ." ಡಿಸ್ಟ್ರಿಬ್ಯೂಟರ್ ಎತ್ತಿ ಅರ್ಧ ಸುತ್ತು ತಿರುಗಿಸಿ ಇಳಿಸಿ, ಪ್ಲಗ್ ಬಿಗಿದು ಕೈ ಒರೆಸಿಕೊಂಡಳು.

ಒಡೆಸ್ಸಾ ಒಳಗೆ ಕೂತು ಕೀಲಿ ತಿರುಗಿಸಿದಳು. ಒಮ್ಮೆ ಕೆಮ್ಮಿ, ಎಂಜಿನ್ ಗರ್ಜಿಸಿತು. ಕಿಟಕಿಯ ಗಾಜುಗಳು ಅದುರಿದವು, ಮುದುಕರು ಕುರ್ಚಿ ಬಿಟ್ಟೆದ್ದು ಕುಣಿದರು. ಅದು ನಾವು ಕಟ್ಟಿದ್ದು, ನಮ್ಮ ಕೈಯದು! ನನಗೆ ಕಣ್ಣು ತುಂಬಿ ಬಂತು, ಸುಟ್ಟ ಹುಬ್ಬಿನ ನೆಪ ಹೇಳಿ ಒರೆಸಿಕೊಂಡೆ.

ಆ ಗದ್ದಲದಲ್ಲಿ ಮೇವಿಸ್ ಯಾರಿಗೂ ಹೇಳದೆ ಹೊರಟಿದ್ದಳು. ಅವಳು ರಸ್ತೆ ಮುಟ್ಟುವಷ್ಟರಲ್ಲಿ ಎಂಜಿನ್ ನಿಂತುಹೋಯಿತು. ಕುಣಿಯುತ್ತಿದ್ದವರೂ ನಿಂತರು.

"ಮೇವಿಸ್!" ಒಡೆಸ್ಸಾ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದಳು. "ನಿಂತೋಯ್ತು ಕಣೇ. ಹೋಗ್ಬೇಡ."

ಮೇವಿಸ್ ತಿರುಗಿ ಬಂದಳು. ಎಂಜಿನ್ ಕಡೆ ನೋಡಲೂ ಇಲ್ಲ, ನೇರ ಕಿಟಕಿಗೆ ಬಂದು ಬಗ್ಗಿದಳು. ಕೀಲಿಯ ಮೇಲೆ ಇನ್ನೂ ಒಡೆಸ್ಸಾಳ ಕೈಯಿತ್ತು.

"ನೀನೇ ನಿಲ್ಲಿಸಿದ್ಯಲ್ಲೇ, ಕಳ್ಳಿ."

"ಹೂಂ," ಎಂದಳು ಒಡೆಸ್ಸಾ.

ಮೇವಿಸ್ ಸುತ್ತಿ ಬಂದು, ಆ ಕಡೆಯ ಬಾಗಿಲು ತೆಗೆದು, ಪಕ್ಕದಲ್ಲಿ ಕೂತಳು.